ಮೀಸೆ ಮಾರಿಯ ಪ್ರಸಂಗ

ಇಪ್ಪತ್ತಾರು ವರ್ಷಗಳಿಂದ ಹೈಸ್ಕೂಲು ಮಕ್ಕಳಿಗೆ ಪಾಠ ಹೇಳುತ್ತಿದ್ದೇನೆ. ಪೋಷಕರ ಸಭೆ ನಡೆದಾಗಲೆಲ್ಲ ತಪ್ಪದೆ ಹೇಳುವ ಮಾತೊಂದಿದೆ: "ಮಕ್ಕಳ ಕೈಗೆ ಈ ಆಟದ ಯಂತ್ರಗಳನ್ನು ಕೊಡಬೇಡಿ. ಕಣ್ಣೂ ಹಾಳು, ಓದೂ ಹಾಳು." ಅಪ್ಪ ಅಮ್ಮಂದಿರು ಹೌದು ಹೌದು ಎಂದು ತಲೆಯಾಡಿಸುತ್ತಾರೆ. ನಾನೂ ಗಂಭೀರವಾಗಿ ಕನ್ನಡಕ ಸರಿಮಾಡಿಕೊಳ್ಳುತ್ತೇನೆ. ಆದರೆ ಆಗೆಲ್ಲ ಒಳಗೊಳಗೇ ಒಂದು ಕಳ್ಳನಗು. ಏಕೆಂದರೆ, ಇಪ್ಪತ್ತೆಂಟರ ವಯಸ್ಸಿನಲ್ಲಿ, ಒಂದು ಮಗುವಿನ ತಾಯಿಯಾಗಿದ್ದ ನಾನು ಮಧ್ಯಾಹ್ನದ ಹೊತ್ತು ನಡುಮನೆಯ ಬಾಗಿಲು ಮುಂದಕ್ಕೆ ತಳ್ಳಿ, ನನ್ನ ವಾರಗಿತ್ತಿಯ ಜೊತೆ ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕುಳಿತು ಮಾರಿಯೋ ಆಡುತ್ತಿದ್ದೆ. ಒಂದು ದಿನವಲ್ಲ, ಎರಡು ದಿನವಲ್ಲ, ಹತ್ತಿರ ಹತ್ತಿರ ಎರಡು ವರ್ಷ!

ಈ ಗುಟ್ಟು ಗೊತ್ತಿದ್ದದ್ದು ನಮ್ಮಿಬ್ಬರಿಗೆ ಮಾತ್ರ. ಆಮೇಲೆ ನಾವಿಬ್ಬರೂ ಮಾತು ಬಿಟ್ಟದ್ದರಿಂದ ಗುಟ್ಟು ಗುಟ್ಟಾಗಿಯೇ ಉಳಿಯಿತು. 2024ರ ದಸರಾ ರಜೆಯಲ್ಲಿ ಅದೇ ಮೀಸೆಯವನು ಮತ್ತೆ ಎದುರಿಗೆ ಬಂದು ನಿಂತ. ಆ ಪ್ರಸಂಗವನ್ನೇ ಹೇಳಹೊರಟಿದ್ದೇನೆ.

ನಮ್ಮದು ತಿಪಟೂರು. ಕೊಬ್ಬರಿ ವ್ಯಾಪಾರದ ಮನೆ. ಮಾವನವರು, ಅತ್ತೆ, ಭಾವನವರು, ಅಕ್ಕ, ಅವರ ಮಗ, ನಾವಿಬ್ಬರು, ನಮ್ಮ ಮಗಳು. ಅಕ್ಕ ಎಂದರೆ ನನ್ನ ವಾರಗಿತ್ತಿ. ನನಗಿಂತ ಆರು ವರ್ಷ ದೊಡ್ಡವರು. ಗಂಡಸರು ಬೆಳಗ್ಗೆ ಮಂಡಿಗೆ ಹೊರಟರೆಂದರೆ ಮನೆಯಲ್ಲಿ ಉಳಿಯುವವರು ನಾವು ಮೂವರು ಹೆಂಗಸರು. ನಾನು ಬಿ.ಎ., ಬಿ.ಎಡ್. ಮುಗಿಸಿ, ಅರ್ಜಿ ಹಾಕಿ ಹಾಕಿ ಕೆಲಸ ಸಿಗದೆ ಕುಳಿತಿದ್ದ ಕಾಲ ಅದು. ಅಕ್ಕ ಎಸ್ಸೆಸ್ಸೆಲ್ಸಿ ಮುಗಿಸಿದ್ದರು. ಆದರೆ ತಲೆ ಮಾತ್ರ ನನ್ನದಕ್ಕಿಂತ ಚುರುಕು.

1996ರ ಬೇಸಿಗೆಯಲ್ಲಿ ಅಕ್ಕನ ತಮ್ಮ ಬೆಂಗಳೂರಿನ ಎಸ್.ಪಿ. ರಸ್ತೆಯಿಂದ ಸೋದರಳಿಯನಿಗೆಂದು ಒಂದು ಟಿ.ವಿ. ಗೇಮ್ ತಂದುಕೊಟ್ಟರು. ಒಂದು ಪೆಟ್ಟಿಗೆ, ವೈರು ಸಿಕ್ಕಿಸಿದ ಎರಡು ಜಾಯ್‌ಸ್ಟಿಕ್‌ಗಳು, ಒಂದು ಹಳದಿ ಕ್ಯಾಸೆಟ್. ಕ್ಯಾಸೆಟ್ಟಿನ ಮೇಲೆ ಲಕ್ಷಗಟ್ಟಲೆ ಆಟಗಳಿವೆ ಎಂದು ಬರೆದಿತ್ತು. ಎಣಿಸಿದರೆ ಇದ್ದವು ಹತ್ತೋ ಹನ್ನೆರಡೋ. ಅವೇ ಬೇರೆ ಬೇರೆ ಹೆಸರಿನಲ್ಲಿ ತಿರುಗಿ ತಿರುಗಿ ಬರುತ್ತಿದ್ದವು. ಜಪಾನಿನ ನಿಂಟೆಂಡೊ ಕಂಪನಿಯ ಯಂತ್ರವನ್ನು ನೋಡಿ ಯಾರು ಯಾರೋ ಮಾಡಿದ ನಕಲುಗಳು ಆ ಕಾಲದಲ್ಲಿ ನಮ್ಮ ದೇಶದ ಊರೂರಿಗೂ ಬಂದಿದ್ದವು. ನಮ್ಮ ಮನೆಗೆ ಬಂದದ್ದೂ ಅಂಥದೇ ಒಂದು. ಆಟ ಬರದಿದ್ದರೆ ಕ್ಯಾಸೆಟ್ ತೆಗೆದು, ಒಲೆ ಊದಿದ ಹಾಗೆ ಅದರ ಬಾಯಿಗೆ ಉಫ್ ಎಂದು ಊದಿ ಮತ್ತೆ ಸಿಕ್ಕಿಸಬೇಕು. ಹಾಗೆ ಊದಿದ್ದರಿಂದ ಪ್ರಯೋಜನವೇನೂ ಇರಲಿಲ್ಲವೆಂದು ಈಗ ಹೇಳುತ್ತಾರೆ. ಇರಲಿ, ನಾವು ಮಾತ್ರ ಭಕ್ತಿಯಿಂದ ಊದಿದ್ದೇವೆ.

ಹುಡುಗ ಸಂಜೆ ಆಡುವುದನ್ನು ನೋಡಿ ಅತ್ತೆ ಕೇಳಿದರು, "ಅದೇನೋ ಅದು?" ಅವನು "ಮಾರಿಯೋ ಅಜ್ಜಿ" ಎಂದ. ಅತ್ತೆಯ ಮುಖ ಕಪ್ಪಿಟ್ಟಿತು. "ಅಯ್ಯೋ, ಊರ ಮಾರೀನ ಯಾರಾದ್ರೂ ನಡುಮನೇಲಿ ಕೂರಿಸ್ಕೋತಾರೇನ್ರೋ? ಅದೂ ಮೀಸೆ ಇರೋ ಮಾರಿ!" ಅಂದಿನಿಂದ ನಮ್ಮ ಮನೆಯಲ್ಲಿ ಅವನ ಹೆಸರು ಮೀಸೆ ಮಾರಿ ಎಂದೇ ಆಯಿತು.

ನಾವು ಶುರು ಮಾಡಿದ್ದು ಆಕಸ್ಮಿಕವಾಗಿ. ಶಾಲೆ ಶುರುವಾಗಿ ಹುಡುಗ ಮನೆಯಲ್ಲಿರಲಿಲ್ಲ. ಅತ್ತೆ ಊಟ ಮಾಡಿ ಮಲಗಿದ್ದರು. ಟಿ.ವಿ. ಮೇಲಿನ ಧೂಳು ಒರೆಸುತ್ತಿದ್ದ ಅಕ್ಕ, "ಈ ಹುಡುಗ ಅದೇನು ಅಷ್ಟೊಂದು ಕುಣೀತಾನೆ, ನೋಡೇಬಿಡೋಣ ಬಾರೇ" ಎಂದು ಸ್ವಿಚ್ ಒತ್ತಿದರು. ಮೊದಲ ದಿನ ಇಬ್ಬರೂ ಆ ಮೊದಲನೇ ಅಣಬೆಗೇ ಸತ್ತೆವು. ಹುಬ್ಬು ಗಂಟಿಕ್ಕಿಕೊಂಡು ಒಂದು ಅಣಬೆ ತಪ್ಪು ತಪ್ಪು ಹೆಜ್ಜೆ ಹಾಕುತ್ತ ಎದುರಿಗೆ ಬರುತ್ತದೆ. ಹಾರಬೇಕೆಂದು ಗೊತ್ತಿಲ್ಲದೆ ನಿಂತಲ್ಲೇ ನಿಂತರೆ ಮುಟ್ಟಿ ಕೊಂದುಬಿಡುತ್ತದೆ. ಅಕ್ಕ ಸೆರಗು ಬಾಯಿಗೆ ಒತ್ತಿಕೊಂಡು ನಕ್ಕರು. ಮರುದಿನ ಅನ್ನದ ಪಾತ್ರೆ ಇಳಿಸುವಾಗಲೇ ಇಬ್ಬರ ಕಣ್ಣೂ ಗಡಿಯಾರದ ಮೇಲೆ.

ಇಬ್ಬರು ಆಡುವ ಕ್ರಮ ಹೀಗೆ. ಒಬ್ಬರಿಗೆ ಮಾರಿಯೋ, ಇನ್ನೊಬ್ಬರಿಗೆ ಅವನ ತಮ್ಮ ಲೂಯಿಜಿ. ಇಬ್ಬರೂ ಒಟ್ಟಿಗೆ ಓಡುವುದಿಲ್ಲ. ಒಬ್ಬರು ಸತ್ತ ಮೇಲೆ ಇನ್ನೊಬ್ಬರ ಸರದಿ. ತಮ್ಮನೆಂದು ಬೇರೆ ಗೊಂಬೆಯನ್ನೇನೂ ಮಾಡಿರಲಿಲ್ಲ. ಅದೇ ಗೊಂಬೆ, ಬಟ್ಟೆಯ ಬಣ್ಣ ಮಾತ್ರ ಬೇರೆ. "ನಮ್ಮತ್ತೆ ಗೌರಿಹಬ್ಬಕ್ಕೆ ನಮಗಿಬ್ಬರಿಗೂ ಒಂದೇ ಸೀರೇನ ಬೇರೆ ಬೇರೆ ಬಣ್ಣದಲ್ಲಿ ತರ್ತಾರಲ್ಲ, ಹಂಗೆ" ಎಂದರು ಅಕ್ಕ. ಹಿರಿಯರೆಂದು ಅವರೇ ಯಾವಾಗಲೂ ಮಾರಿಯೋ. ನಾನು ಬಿಳಿ ಹಸಿರಿನ ಲೂಯಿಜಿ.

ಅತ್ತೆ ಎಚ್ಚರವಾದಾರೆಂದು ಟಿ.ವಿ. ಸದ್ದನ್ನು ಪೂರ್ತಿ ಇಳಿಸಿ ಆಡುತ್ತಿದ್ದೆವು. ಆ ಆಟದ ರಾಗ ನಾವು ಕೇಳುತ್ತಿದ್ದದ್ದು ಸಂಜೆ, ಹುಡುಗ ಆಡುವಾಗ, ಅಡುಗೆಮನೆಯಲ್ಲಿ ಕಾಯಿ ತುರಿಯುತ್ತ, ಮುದ್ದೆ ತೊಳೆಸುತ್ತ. ಹೀಗಾಗಿ ರಾಗ ಅಡುಗೆಮನೆಯದು, ಚಿತ್ರ ನಡುಮನೆಯದು. ಎರಡನ್ನೂ ನಾವು ಒಟ್ಟಿಗೆ ಕಂಡದ್ದೇ ಇಲ್ಲ. ಅದರಿಂದ ನಷ್ಟವೂ ಆಗುತ್ತಿತ್ತು. ಪ್ರತಿ ಹಂತಕ್ಕೂ ಇಂತಿಷ್ಟು ಎಂದು ಹೊತ್ತು ಕೊಟ್ಟಿರುತ್ತಾರೆ. ನೂರಕ್ಕೆ ಇಳಿದಾಗ ರಾಗ ಜೋರಾಗಿ ಓಡತೊಡಗಿ ಎಚ್ಚರಿಸುತ್ತದೆ. ಕಿವುಡರಂತೆ ಆಡುತ್ತಿದ್ದ ನಮಗೆ ಆ ಎಚ್ಚರಿಕೆಯೇ ಇಲ್ಲ. ಯಾರೂ ಮುಟ್ಟದೆ ಮಾರಿಯೋ ಇದ್ದಕ್ಕಿದ್ದಂತೆ ಸತ್ತರೆ ಅಕ್ಕ, "ಪಾಪ, ಆಯಸ್ಸು ಮುಗೀತು" ಎನ್ನುತ್ತಿದ್ದರು.

ದಿನ ಕಳೆದಂತೆ ಒಂದೊಂದೇ ಮರ್ಮ ತಿಳಿಯಿತು. ಹಸಿರು ಕೊಳವೆಗಳಿಂದ ಬಾಯಿ ತೆರೆದು ಏಳುವ ಗಿಡಗಳಿವೆ. ದೂರದಲ್ಲಿ ನಿಂತು ಹೆದರಿದಷ್ಟೂ ಅದು ಎದ್ದು ಎದ್ದು ಇಳಿಯುತ್ತದೆ. ಕೊಳವೆಗೆ ಅಂಟಿಕೊಂಡು ನಿಂತರೆ ಏಳುವುದೇ ಇಲ್ಲ! ಇದನ್ನು ಕಂಡುಹಿಡಿದದ್ದು ಅಕ್ಕ. ಎರಡನೇ ಹಂತದಲ್ಲಿ, ನೆಲದ ಕೆಳಗಿನ ಹಾದಿಯಲ್ಲಿ ಚಾವಣಿಯ ಮೇಲೆ ಹತ್ತಿ, ಅಂಕಿಗಳು ಕಾಣುವ ಕಡೆ ಓಡುತ್ತ ಹೋದರೆ ಒಂದು ಗುಟ್ಟಿನ ಕೋಣೆ ಸಿಗುತ್ತದೆ. ಅಲ್ಲಿರುವ ಮೂರು ಕೊಳವೆಗಳಲ್ಲಿ ಯಾವುದಕ್ಕೆ ಇಳಿಯುತ್ತೀರೋ ಆ ಲೋಕಕ್ಕೆ ನೇರವಾಗಿ ಹೋಗಬಹುದು. ಇದೂ ಅಕ್ಕ ದಾರಿತಪ್ಪಿ ಕಂಡದ್ದೇ. ಹುಡುಗನಿಗೆ ಈ ಒಳದಾರಿ ತಿಳಿಯುವ ಮೊದಲೇ ಅವನಮ್ಮನಿಗೆ ತಿಳಿದಿತ್ತು. ಹೇಳುವ ಹಾಗಿರಲಿಲ್ಲ, ಅಷ್ಟೆ.

ನನ್ನನ್ನು ಕಾಡಿದ್ದು ಇನ್ನೊಂದು ನಿಯಮ. ಈ ಆಟದಲ್ಲಿ ಮುಂದಕ್ಕಷ್ಟೇ ದಾರಿ. ತೆರೆಯ ಎಡ ಅಂಚಿನಾಚೆಗೆ ಸರಿದು ಹೋದದ್ದು ಹೋಯಿತೇ. ಅಲ್ಲೊಂದು ನಾಣ್ಯ ಬಿಟ್ಟು ಬಂದೆ ಎಂದು ತಿರುಗಿದರೆ ಗೋಡೆಗೆ ಮುಖವೊತ್ತಿದಂತೆ ನಿಂತುಬಿಡುತ್ತಾನೆ. ಆಡಿದ್ದನ್ನು ಉಳಿಸಿಡುವ ಏರ್ಪಾಡೂ ಇಲ್ಲ. ಆಗ ಕರೆಂಟು ಹೇಳದೆ ಕೇಳದೆ ಹೋಗುತ್ತಿದ್ದ ಕಾಲ. ನಾಲ್ಕನೇ ಲೋಕದವರೆಗೆ ಹೋಗಿ ಉಸಿರು ಬಿಗಿಹಿಡಿದಿದ್ದಾಗ ತೆರೆ ಕಪ್ಪಾಗುತ್ತಿತ್ತು. ನಾನು ಹಣೆ ಬಡಿದುಕೊಂಡರೆ ಅಕ್ಕ, "ಹೋಗ್ಲಿ ಬಿಡೇ, ನಾಳೆ ಮೊದಲಿಂದ" ಎಂದು ಎದ್ದು ಕಾಫಿಗೆ ನೀರಿಡುತ್ತಿದ್ದರು.

ನಾಲ್ಕು ಹಂತಕ್ಕೊಂದು ಕೋಟೆ. ಕೊನೆಯಲ್ಲಿ ರಾಕ್ಷಸನ ಸೇತುವೆ ಕಡಿದು ಕೆಡವಿದರೆ ಅಣಬೆ ಟೋಪಿಯ ಒಬ್ಬ ಬಂದು, ರಾಜಕುಮಾರಿ ಇಲ್ಲಿಲ್ಲ, ಬೇರೆ ಕೋಟೆಯಲ್ಲಿದ್ದಾಳೆ ಎನ್ನುತ್ತಾನೆ. ಇಂಗ್ಲಿಷಿನಲ್ಲಿದ್ದ ಅದನ್ನು ನಾನು ಓದಿ ಹೇಳಿದರೆ ಅಕ್ಕ, "ಇವನು ಇಷ್ಟು ಒದ್ದಾಡೋ ಬದ್ಲು ಅವಳೇ ಬಾಗ್ಲು ತೆಗೆದು ಬರಬಾರ್ದಾ? ಪಾಪ, ಅವಳ ಅತ್ತೆ ಬಿಡಲ್ವೇನೋ" ಎಂದರು. ಆ ಮಧ್ಯಾಹ್ನಗಳು ನಮಗೆ ಏನಾಗಿದ್ದವು ಎಂಬುದು ನಿಮ್ಮಲ್ಲಿ ಕೂಡುಕುಟುಂಬಕ್ಕೆ ಸೊಸೆಯಾಗಿ ಹೋದವರಿಗೆ ಅರ್ಥವಾದೀತು. ಯಾರಿಗೂ ಬಡಿಸಬೇಕಿಲ್ಲದ, ಯಾರಿಗೂ ಲೆಕ್ಕ ಹೇಳಬೇಕಿಲ್ಲದ ಎರಡು ಗಂಟೆಗಳು.

1998ರಲ್ಲಿ ನನಗೆ ನೌಕರಿಯ ಆದೇಶ ಬಂತು. ಮಧ್ಯಾಹ್ನದ ಆಟ ನಿಂತಿತು. ನಾಲ್ಕು ವರ್ಷದ ಮಗಳನ್ನು ಅಕ್ಕನ ಕೈಗಿತ್ತು ನಾನು ಬಸ್ಸು ಹತ್ತಿದೆ. ಐದು ವರ್ಷ ಅವಳಿಗೆ ಎಣ್ಣೆ ಹಚ್ಚಿ, ಜಡೆ ಹೆಣೆದು, ಮಧ್ಯಾಹ್ನ ಶಾಲೆಯಿಂದ ಬಂದಾಗ ತುತ್ತು ಕೊಟ್ಟವರು ಅಕ್ಕನೇ. ಅವಳು "ದೊಡ್ಡಮ್ಮಾ" ಎಂದು ಕರೆಯುತ್ತಿದ್ದ ದನಿಗೆ ನನಗೆ ಒಮ್ಮೊಮ್ಮೆ ಹೊಟ್ಟೆಕಿಚ್ಚೂ ಆಗುತ್ತಿತ್ತು.

ಮಾವನವರು 2002ರಲ್ಲಿ ತೀರಿಕೊಂಡರು. ಮರುವರ್ಷ ಸಂಕ್ರಾಂತಿ ಕಳೆದ ಮೇಲೆ ಭಾಗವಾಯಿತು. ಹಿರಿಯರು ಜಗುಲಿಯ ಮೇಲೆ ಕುಳಿತು ತೋಟದಿಂದ ಹಿಡಿದು ತಪ್ಪಲೆ ಚೊಂಬಿನವರೆಗೆ ಬರೆಸುತ್ತಿದ್ದರು. ಮಾತಿಗೆ ಮಾತು ಬೆಳೆಯಿತು. "ಇವರು ಬೆಳಗಾದ್ರೆ ಬಸ್ಸು ಹತ್ತೋರು, ಮನೆ ನಡೆಸಿದ್ದು ಯಾರು?" ಎಂದರು ಭಾವನವರು. ನಾನು ಸುಮ್ಮನಿರಬಹುದಿತ್ತು. ಇರಲಿಲ್ಲ. "ಐದು ವರ್ಷದಿಂದ ಈ ಮನೆಗೆ ದಿನಸಿ ಬಂದಿರೋದು ನನ್ನ ಸಂಬಳದಲ್ಲಿ. ಅಕ್ಕ ನನ್ನ ಮಗು ನೋಡಿಕೊಂಡದ್ದು ಪುಕ್ಕಟೆ ಅಲ್ಲ, ಅದೇ ಅನ್ನ ಉಂಡಿದ್ದಾರೆ" ಎಂದುಬಿಟ್ಟೆ. ತಿರುಗಿ ನೋಡಿದರೆ ಅಕ್ಕ ಕಾಫಿ ತಟ್ಟೆ ಹಿಡಿದು ಬಾಗಿಲಲ್ಲಿ ನಿಂತಿದ್ದರು. ತಟ್ಟೆಯನ್ನು ಮೆಲ್ಲಗೆ ಕೆಳಗಿಟ್ಟು ಒಳಗೆ ಹೋದರು.

ಮರುದಿನದಿಂದ ಮಗಳಿಗೆ ಡಬ್ಬಿ ಕಟ್ಟಿಕೊಡತೊಡಗಿದೆ. ತಿಂಗಳೊಳಗೆ ನಾವು ಬಡಾವಣೆಯ ಬಾಡಿಗೆ ಮನೆಗೆ ಹೋದೆವು. ಅಟ್ಟದ ಮೇಲಿದ್ದ ಟಿ.ವಿ. ಗೇಮ್ ಅಕ್ಕನ ಪಾಲಿಗೆ ಹೋಯಿತು, ಅವರ ತವರಿನವರು ಕೊಟ್ಟದ್ದಲ್ಲವೇ. ಅಲ್ಲಿಂದ ಇಪ್ಪತ್ತೊಂದು ವರ್ಷ ಮದುವೆ ಮುಂಜಿಗಳಲ್ಲಿ ಎದುರಾದರೆ "ಚೆನ್ನಾಗಿದ್ದೀರಾ?" "ಹೂಂ." ಅಷ್ಟೇ. ಆ ಮಾತನ್ನು ಮನಸ್ಸಿನಲ್ಲಿ ನೂರು ಸಲ ವಾಪಸು ತೆಗೆದುಕೊಂಡಿದ್ದೇನೆ. ಅವರ ಎದುರಿಗೆ ಒಂದು ಸಲವೂ ಆಗಲಿಲ್ಲ.

2024ರ ಸೆಪ್ಟೆಂಬರಿನಲ್ಲಿ ಅಕ್ಕನಿಗೆ ಬೆಂಗಳೂರಿನಲ್ಲಿ ಮಂಡಿಯ ಶಸ್ತ್ರಚಿಕಿತ್ಸೆಯಾಯಿತು. ಮಗನ ಮನೆಯಲ್ಲಿದ್ದರು. ದಸರಾ ರಜೆ ಶುರುವಾದ ದಿನ ಅವನೇ ಫೋನು ಮಾಡಿದ. "ಚಿಕ್ಕಮ್ಮ, ನಾವಿಬ್ಬರೂ ಆಫೀಸಿಗೆ ಹೋದರೆ ಅಮ್ಮ ಒಬ್ಬರೇ. ಮಗಳೂ ರಜದಲ್ಲಿ ಮನೆಯಲ್ಲೇ ಇದ್ದಾಳೆ. ನಾಲ್ಕು ದಿನ ಬಂದಿರ್ತೀರಾ?" "ಅಮ್ಮನ್ನ ಕೇಳಿದ್ಯೇನಪ್ಪಾ?" ಎಂದೆ. "ಕೇಳ್ದೆ. 'ಅವಳಿಗೆ ರಜ ಇದ್ದೀತು' ಅಂದ್ರು" ಎಂದ. ಅದು ಹೂಂ ಎಂದೋ ಊಹೂಂ ಎಂದೋ ತಿಳಿಯಲಿಲ್ಲ. ನಮ್ಮವರು, "ಹೋಗಿ ಬಾ" ಎಂದರು. ಚಕ್ಕುಲಿ ಡಬ್ಬ ಹಿಡಿದು ರೈಲು ಹತ್ತಿದೆ.

ಮೊದಲ ದಿನ ಮಾತ್ರೆ, ಕಷಾಯ, ಮಂಡಿಗೆ ಐಸು, ಇಷ್ಟರಲ್ಲೇ ಕಳೆಯಿತು. ಎರಡನೇ ದಿನ ಮಧ್ಯಾಹ್ನ ಊಟವಾದ ಮೇಲೆ ಆರು ವರ್ಷದ ಮೊಮ್ಮಗಳು ಟಿ.ವಿ. ಮುಂದೆ ಕುಳಿತಳು. ಅವಳಪ್ಪ ಕೆಲಸದ ಮೇಲೆ ಅಮೆರಿಕಕ್ಕೆ ಹೋದಾಗ ತಂದ ಸ್ವಿಚ್ ಎಂಬ ಯಂತ್ರ. ಅದೂ ನಿಂಟೆಂಡೊ ಕಂಪನಿಯದೇ. ಚಂದಾ ಕಟ್ಟಿದರೆ ಹಳೆಯ ಆಟಗಳನ್ನೂ ಅದರಲ್ಲಿ ಆಡಬಹುದಂತೆ. ಗೋಡೆಯಗಲದ ತೆರೆಯ ಮೇಲೆ ಆ ನೀಲಿ ಆಕಾಶ, ಕಂದು ನೆಲ, ಎಡಗಡೆ ಪುಟ್ಟ ಮೀಸೆ ಮಾರಿ. ಜೊತೆಗೆ ರಾಗ. ಒಮ್ಮೆಲೇ ಬಾಯಲ್ಲಿ ಹಸಿಕಾಯಿಯ ರುಚಿ ಬಂದಂತಾಯಿತು. ಮಂಚದ ಕಡೆ ನೋಡಿದೆ. ಅಕ್ಕನೂ ದಿಂಬಿನಿಂದ ತಲೆ ಎತ್ತಿದ್ದರು. "ಸದ್ದಿದೆ ಕಣೇ" ಎಂದರು. ಇಪ್ಪತ್ತೊಂದು ವರ್ಷದ ಮೇಲೆ ಅವರು ನನಗೆ ತಾವಾಗಿ ಹೇಳಿದ ಮೊದಲ ಮಾತು ಅದು.

ಆ ರಾಗ ಕಟ್ಟಿದವರು ಕೋಜಿ ಕೊಂಡೊ. ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್ ತಾನು ಕಾಪಾಡುವ ಧ್ವನಿಮುದ್ರಣಗಳ ಪಟ್ಟಿಗೆ 2023ರಲ್ಲಿ ಅದನ್ನು ಸೇರಿಸಿತು. ವಿಡಿಯೋ ಗೇಮಿನ ಸಂಗೀತವೊಂದಕ್ಕೆ ಆ ಮರ್ಯಾದೆ ಸಿಕ್ಕಿದ್ದು ಅದೇ ಮೊದಲು. ನಾವು ಅದನ್ನು ಮುದ್ದೆ ತೊಳೆಸುತ್ತ ಕೇಳಿದ್ದೆವು!

"ಅಜ್ಜಿ, ನಿಮಗೆ ಆಡೋಕೆ ಬರುತ್ತಾ?" ಎಂದು ಮಗು ಎರಡು ಪುಟ್ಟ ಕಡ್ಡಿಗಳನ್ನು ನಮ್ಮಿಬ್ಬರ ಕೈಗಿತ್ತಿತು. ನನ್ನ ಬೆರಳು ಸುಣ್ಣದ ಕಡ್ಡಿಗೆ ಒಗ್ಗಿದ್ದು. ಮೊದಲ ಅಣಬೆಗೇ ಸತ್ತೆ. ಅಕ್ಕ ಹಾಗಲ್ಲ. ಅರವತ್ತಮೂರರ ಹೆಬ್ಬೆರಳಿಗೆ ಎಲ್ಲ ನೆನಪಿತ್ತು. ನಾಲ್ಕನೇ ಕೊಳವೆ ದಾಟಿ, ಹಳ್ಳಕ್ಕೆ ಮುಂಚೆ, ಏನೂ ಇಲ್ಲದ ಆಕಾಶಕ್ಕೆ ಅವರು ಒಂದು ನೆಗೆತ ನೆಗೆಸಿದರು. ಟಣ್ ಎಂದು ಎಲ್ಲಿಂದಲೋ ಒಂದು ಇಟ್ಟಿಗೆ ಮೂಡಿ ಹಸಿರು ಅಣಬೆ ಹೊರಬಂತು. ಒಂದು ಹೆಚ್ಚಿನ ಜೀವ! ಮಗು ಬಾಯಿ ತೆರೆದು ನೋಡಿತು. "ಅಪ್ಪಂಗೂ ಇದು ಗೊತ್ತಿಲ್ಲ ಅಜ್ಜಿ!" ಅಕ್ಕ ನನ್ನ ಕಡೆ ನೋಡಿ ಕಣ್ಣಲ್ಲೇ ನಕ್ಕರು. ಗುಟ್ಟು ಬಯಲಾಯಿತು.

ಸರದಿಗೆ ಕಾಯುತ್ತ ಮೊದಲ ಹಂತವನ್ನು ಈ ಸಲ ಟೀಚರ ಕಣ್ಣಿನಿಂದ ನೋಡಿದೆ. ಬಿ.ಎಡ್.ನಲ್ಲಿ ನಮಗೆ ತಿಳಿದುದರಿಂದ ತಿಳಿಯದುದರ ಕಡೆಗೆ, ಸುಲಭದಿಂದ ಕಷ್ಟದ ಕಡೆಗೆ ಎಂದು ಬಾಯಿಪಾಠ ಮಾಡಿಸಿದ್ದರು. ಇಲ್ಲಿ ಒಂದಕ್ಷರ ಬರೆಯದೆ ಅದನ್ನು ಮಾಡಿದ್ದಾರೆ. ಶುರುವಿಗೆ ಅವನು ಎಡಗಡೆ ನಿಂತಿರುತ್ತಾನೆ, ಬಲಗಡೆ ಪೂರ್ತಿ ಖಾಲಿ. ಎತ್ತ ಹೋಗಬೇಕೆಂದು ಹೇಳಬೇಕಾದ್ದೇ ಇಲ್ಲ. ಮೊದಲ ಶತ್ರು ಒಬ್ಬನೇ, ನಿಧಾನವಾಗಿ ಬರುತ್ತಾನೆ. ಸತ್ತರೂ ನಷ್ಟ ಕೆಲವೇ ಹೆಜ್ಜೆ. ಪ್ರಶ್ನಾರ್ಥಕ ಚಿಹ್ನೆಯ ಪೆಟ್ಟಿಗೆ ಗುದ್ದಿದರೆ ಹೊರಬರುವ ಒಳ್ಳೆಯ ಅಣಬೆಗೆ ಹೆದರಿ ನೀವು ತಪ್ಪಿಸಿಕೊಂಡೀರಿ ಎಂದು, ಅದು ಮುಂದೆ ಹೋಗಿ ಕೊಳವೆಗೆ ಬಡಿದು ನಿಮ್ಮ ಕಡೆಗೇ ತಿರುಗಿ ಬರುವಂತೆ ಮಾಡಿದ್ದಾರೆ. ಮುಟ್ಟಿದರೆ ದೊಡ್ಡವನಾಗುತ್ತಾನೆ. ಕೊನೆಯಲ್ಲಿ ಎರಡು ಮೆಟ್ಟಿಲ ಗುಡ್ಡಗಳ ನಡುವೆ ಹಾರಬೇಕು. ಮೊದಲ ಸಲ ನಡುವೆ ಗಟ್ಟಿ ನೆಲ, ಬಿದ್ದರೂ ಪೆಟ್ಟಿಲ್ಲ. ಎರಡನೇ ಸಲ ಅಂಥದೇ ಮೆಟ್ಟಿಲು, ನಡುವೆ ಹಳ್ಳ. ಅಭ್ಯಾಸ ಮೊದಲು, ಪರೀಕ್ಷೆ ಆಮೇಲೆ! ಕೆಂಪು ಶಾಯಿಯಲ್ಲಿ ತಪ್ಪು ಗುರುತು ಹಾಕುವುದರಲ್ಲೇ ಇಪ್ಪತ್ತಾರು ವರ್ಷ ಕಳೆದ ನನಗೆ ಸ್ವಲ್ಪ ನಾಚಿಕೆಯಾಯಿತು. ಅಲ್ಲಿ ಸತ್ತವನನ್ನು ಯಾರೂ ಬೈಯುವುದಿಲ್ಲ. ಜೀವವಿರುವಷ್ಟು ಹೊತ್ತು, ಇನ್ನೊಮ್ಮೆ ಎಂದು ನಿಲ್ಲಿಸುತ್ತಾರೆ.

ರಾತ್ರಿ ಮಗ ಬಂದಾಗ ಊಟದ ಹೊತ್ತಿಗೆ ಇದೇ ಮಾತು. ನಿಂಟೆಂಡೊ 1889ರಲ್ಲಿ ಕ್ಯೋಟೊ ನಗರದಲ್ಲಿ ಇಸ್ಪೀಟಿನಂಥ ಎಲೆಗಳನ್ನು ಮಾಡಲು ಹುಟ್ಟಿದ ಕಂಪನಿ ಎಂದು ಹೇಳಿದ. "ಸದ್ಯ, ನಮ್ಮತ್ತೆಗೆ ಗೊತ್ತಾಗ್ಲಿಲ್ಲ" ಎಂದರು ಅಕ್ಕ. ಆಟ ರೂಪಿಸಿದವರಲ್ಲಿ ಮುಖ್ಯರು ಶಿಗೆರು ಮಿಯಾಮೊಟೊ, ಜೊತೆಗೆ ತಕಾಶಿ ತೆಜುಕಾ. ಹೊರಬಂದದ್ದು 1985ರ ಸೆಪ್ಟೆಂಬರ್ 13ರಂದು. ನಾಲ್ಕು ಕೋಟಿಗೂ ಹೆಚ್ಚು ಪ್ರತಿಗಳು ಖರ್ಚಾಗಿವೆ. ನಮ್ಮ ಹಳದಿ ಕ್ಯಾಸೆಟ್ಟಿನಂಥವು ಆ ಲೆಕ್ಕಕ್ಕೆ ಸೇರಿಲ್ಲ. ಮಾರಿಯೋ ಹುಟ್ಟಿದ್ದು ಅದಕ್ಕೂ ಮುಂಚೆ, 1981ರ ಡಾಂಕಿ ಕಾಂಗ್ ಎಂಬ ಆಟದಲ್ಲಿ. ಅಲ್ಲಿ ಅವನನ್ನು ಕೆಲವೇ ಚುಕ್ಕಿಗಳಲ್ಲಿ ಬಿಡಿಸಬೇಕಿತ್ತು. ಬಾಯಿ ಬರೆಯಲು ಜಾಗವಿಲ್ಲದ್ದಕ್ಕೆ ಮೀಸೆ, ಕೂದಲು ಬರೆಯುವುದು ಕಷ್ಟವೆಂದು ಟೋಪಿ. ಕೇಳಿದ ಕೂಡಲೇ ಅಕ್ಕ, "ಚುಕ್ಕಿ ರಂಗೋಲಿ ಹಂಗೆ" ಎಂದರು. ಎಷ್ಟು ಸರಿ! ಆ ಇಡೀ ಆಟ ನಲವತ್ತು ಕಿಲೋಬೈಟಿನಷ್ಟು ಪುಟ್ಟದು. ಆಕಾಶದ ಬಿಳಿ ಮೋಡ, ನೆಲದ ಹಸಿರು ಪೊದೆ ಎರಡೂ ಒಂದೇ ಚಿತ್ರ, ಬಣ್ಣ ಬೇರೆ ಅಷ್ಟೆ. ಇದ್ದುದರಲ್ಲೇ ತೂಗಿಸಿದ ಸಂಸಾರ ಅದು.

ಮೂರನೇ ದಿನ ಮಧ್ಯಾಹ್ನ ಆ ಘಟನೆ ನಡೆಯಿತು. ಅಕ್ಕ ಮೂರನೇ ಹಂತದಲ್ಲಿ ಹಳ್ಳಕ್ಕೆ ಬಿದ್ದರು. ನನ್ನ ಸರದಿಯೆಂದು ನಾನು ಕಡ್ಡಿ ಹಿಡಿದು ಸರಿಯಾಗಿ ಕುಳಿತೆ. ಅಷ್ಟರಲ್ಲಿ ಮಗು, "ತಾಳಿ ಅಜ್ಜಿ" ಎಂದು ಅದೇನೋ ಗುಂಡಿಗಳನ್ನು ಒತ್ತಿಹಿಡಿಯಿತು. ಹಳ್ಳಕ್ಕೆ ಬಿದ್ದ ಮಾರಿಯೋ ಮೇಲೆದ್ದು ಬಂದ. ಬೆನ್ನು ಹಿಂದಾಗಿ ಗಾಳಿಯಲ್ಲಿ ತೇಲಿ, ಹಾರುವ ಮುಂಚೆ ಎಲ್ಲಿದ್ದನೋ ಅಲ್ಲಿಗೇ ಬಂದು ನಿಂತ. ಈಗಿನ ಯಂತ್ರದಲ್ಲಿ ಆದದ್ದನ್ನು ಹಿಂದಕ್ಕೆ ಸುತ್ತಬಹುದಂತೆ. ಎಷ್ಟು ಸಲ ಬೇಕಾದರೂ.

ಅಕ್ಕ ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ, "ಬೇಡ ಕಣಮ್ಮ. ನಾನು ಹಿಂದಕ್ಕೆ ಸುತ್ತುತ್ತಾ ಕೂತ್ರೆ ನಿನ್ನ ಚಿಕ್ಕಜ್ಜಿ ಸರದಿ ಬರೋದು ಯಾವಾಗ?" ಎಂದರು.

ನನಗೆ ಗಂಟಲು ಕಟ್ಟಿತು. ಈಗ ಹೇಳದಿದ್ದರೆ ಇನ್ನೆಂದೂ ಹೇಳಲಾರೆ ಎನ್ನಿಸಿತು. "ಅಕ್ಕಾ, ಅವತ್ತು ಜಗುಲೀಲಿ ನಾನು ಆ ಮಾತು ಆಡಬಾರದಿತ್ತು" ಎಂದೆ. ಅಕ್ಕ ತೆರೆಯ ಮೇಲಿಂದ ಕಣ್ಣು ತೆಗೆಯಲಿಲ್ಲ. ಮಾರಿಯೋನನ್ನು ಮತ್ತೆ ಅದೇ ಹಳ್ಳಕ್ಕೆ ನಡೆಸಿ ಬೀಳಿಸಿ, "ನಿನ್ನ ಸರದಿ, ಆಡು" ಎಂದರು. ನಾನು ಆಡಿದೆ. ಏನು ಆಡಿದೆನೋ, ತೆರೆಯೆಲ್ಲ ಮಂಜಾಗಿತ್ತು.

ಅಂದು ರಾತ್ರಿ ಮಾತ್ರೆ ಕೊಟ್ಟು ದೀಪ ಆರಿಸಿ ಪಕ್ಕದ ಹಾಸಿಗೆಯಲ್ಲಿ ಮಲಗಿದ್ದೆ. ನಿದ್ದೆ ಬಂದಿರಬೇಕು ಎಂದುಕೊಂಡಿದ್ದ ಅಕ್ಕ ಕತ್ತಲಲ್ಲೇ ಮಾತಾಡಿದರು.

"ಮಾತು ಅಂದ್ರೆ ಅಂದೆ ಬಿಡೇ. ಸಿಟ್ಟಲ್ಲಿ ಯಾರು ಅನ್ನಲ್ಲ? ನಮ್ಮನೆಯವ್ರೂ ಏನು ಕಮ್ಮಿ ಅಂದ್ರಾ? ಅದಲ್ಲ. ಮಾರನೇ ದಿನ ಮಗು ಊಟಕ್ಕೆ ಬರುತ್ತೆ ಅಂತ, ಅವಳಿಗಿಷ್ಟ ಅಂತ ಅವರೆಕಾಳು ಸಾರು ಮಾಡಿದ್ದೆ. ತಟ್ಟೆ ಇಟ್ಕೊಂಡು ಮೂರು ಗಂಟೆವರ್ಗೂ ಕೂತಿದ್ದೆ. ನೀನು ಕಳಿಸ್ಲಿಲ್ಲ."

ನಾನು ಉಸಿರಾಡದೆ ಮಲಗಿದ್ದೆ. ಇಪ್ಪತ್ತೊಂದು ವರ್ಷ ನಾನು ಯಾವ ಮಾತನ್ನು ನೂರು ಸಲ ಹಿಂದಕ್ಕೆ ಸುತ್ತಿ ಸುತ್ತಿ ತಿದ್ದಿದ್ದೆನೋ ಅದು ಅವರನ್ನು ಅಷ್ಟಾಗಿ ನೋಯಿಸಿಯೇ ಇರಲಿಲ್ಲ. ನೋಯಿಸಿದ್ದು ನನಗೆ ನೆನಪೂ ಇರದ ಒಂದು ಊಟದ ಡಬ್ಬಿ. ಗುಂಡಿ ಒತ್ತಿ ಹಿಂದಕ್ಕೆ ಹೋಗುವ ಯಂತ್ರ ನನ್ನ ಕೈಯಲ್ಲಿದ್ದರೂ ನಾನು ನಿಲ್ಲಿಸುತ್ತಿದ್ದ ಜಾಗ ತಪ್ಪಾಗುತ್ತಿತ್ತು. ಎಲ್ಲಿ ಬಿದ್ದೆವೆಂಬುದೇ ತಿಳಿಯದೆ ಹಿಂದಕ್ಕೆ ಹೋಗಿ ಏನು ಮಾಡುವುದು? ಅದನ್ನು ಕೇಳಿ ತಿಳಿಯುವುದಕ್ಕೆ ಅವರ ಪಕ್ಕಕ್ಕೇ ಬರಬೇಕಿತ್ತು. ದೂರ ನಿಂತು ಹೆದರುತ್ತಲೇ ವರ್ಷಗಳನ್ನು ಕಳೆದೆ. ಕೊಳವೆಯ ಗಿಡದ ಮರ್ಮವನ್ನು ಅಕ್ಕ ನನಗೆ 1996ರಲ್ಲೇ ಹೇಳಿಕೊಟ್ಟಿದ್ದರು!

"ಅಕ್ಕಾ..." ಎಂದೆ.

"ಮಲ್ಕೋ. ನಾಳೆ ಮೊದಲಿಂದ" ಎಂದರು.

ಬೆಳಗ್ಗೆ ಎದ್ದು ಹೈದರಾಬಾದಿನಲ್ಲಿರುವ ಮಗಳಿಗೆ ಫೋನು ಮಾಡಿ ಅಕ್ಕನ ಕೈಗೆ ಕೊಟ್ಟೆ. ಏನು ಮಾತಾಡಿದರೆಂದು ನಿಂತು ಕೇಳಲಿಲ್ಲ, ಅಡುಗೆಮನೆಗೆ ಹೋದೆ. "ದೊಡ್ಡಮ್ಮಾ" ಎಂಬ ದನಿ ಮಾತ್ರ ಅಲ್ಲಿಯವರೆಗೂ ಕೇಳಿಸಿತು. ಈ ಸಲ ಹೊಟ್ಟೆಕಿಚ್ಚಾಗಲಿಲ್ಲ. ಡಿಸೆಂಬರಿನಲ್ಲಿ ಅವರೆಕಾಯಿ ಬಂದಾಗ ಮಗಳು ರಜ ಹಾಕಿ ಬಂದಳು. ಕೋಲೂರಿಕೊಂಡೇ ಅಕ್ಕ ಸಾರು ಮಾಡಿ ಬಡಿಸಿದರು. ಮೂವತ್ತರ ಹುಡುಗಿ ಎರಡು ಸಲ ಹಾಕಿಸಿಕೊಂಡು ಉಂಡಳು.

ಎಲ್ಲ ಸರಿಹೋಯಿತು ಎಂದು ಹೇಳಲಾರೆ. ಗಂಡಸರಿಬ್ಬರ ನಡುವೆ ತೋಟದ ಬೇಲಿಯ ಮಾತು ಇನ್ನೂ ಬಿಗಿಯಾಗಿಯೇ ಇದೆ. ನಮಗೂ ಆ ಹಳೆಯ ನಡುಮನೆ, ಆ ಮಧ್ಯಾಹ್ನಗಳು ಸಿಗುವುದಿಲ್ಲ. ತೆರೆಯ ಎಡ ಅಂಚಿನಾಚೆ ಸರಿದವು ಸರಿದವೇ. ಆದರೆ ಭಾನುವಾರ ಸಂಜೆ ಈಗ ಅಕ್ಕನ ಫೋನು ಬರುತ್ತದೆ. ಮೊಮ್ಮಗಳ ಜೊತೆ ಆಡಿ ಎಷ್ಟನೇ ಲೋಕ ಮುಟ್ಟಿದೆ ಎಂಬ ವರದಿ ಮೊದಲು, ಮಂಡಿಯ ಸುದ್ದಿ ಆಮೇಲೆ. ಎಂಟನೇ ಲೋಕದ ಕೊನೆಯ ಕೋಟೆ ಇನ್ನೂ ಬಾಕಿಯಿದೆ. ದಾರಿ ತಪ್ಪಿದರೆ ಸುತ್ತಿ ಸುತ್ತಿ ಅಲ್ಲಿಗೇ ತಂದು ಬಿಡುವ ಕೋಟೆಯಂತೆ ಅದು.

"ನೀನು ಬರೋವರ್ಗೂ ಅದನ್ನ ಮುಟ್ಟಲ್ಲ ಕಣೇ" ಎಂದಿದ್ದಾರೆ ಅಕ್ಕ. "ಆ ಹುಡುಗಿ ಮುಖ ಇಬ್ರೂ ಒಟ್ಟಿಗೆ ನೋಡೋಣ. ಮೂವತ್ತು ವರ್ಷದಿಂದ ಒಳಗೇ ಕೂತಿದ್ದಾಳೆ, ಪಾಪ."